ಇಲಿ ಹೆಚ್ಚಾದ ಸೊಸೈಟಿಯಲ್ಲಿ ಗೂಬೆ, ಕೇರೆಹಾವು, ಬೆಕ್ಕು: ಇರಲೋ, ಓಡಿಸೋದೋ?

ಧಾರವಾಡ_ಹಡಪ್ಸರ್:
ಎಲ್ಲಾರಿಗೂ ನಮಸ್ಕಾರ. ಬರೋ ರವಿವಾರ ಪುಣೆಯ ನಮ್ಮ ವಸತಿ ಸೊಸೈಟಿ ಸಭೆ ಅದ. ಅಲ್ಲೆ ಒಂದು ಠರಾವು ಬರ್ತದ: ಪೈಪು ಇಳಿಯೋ ಡಕ್ಟಿನಾಗ ಗೂಡು ಮಾಡಿರೋ ಗೂಬೆ ಜೋಡಿ ತೆಗಸೋದು, ಹಿಂದಿನ ಗೋಡಿಗುಂಟ ಕಾಣೋ ಕೇರೆಹಾವು ಹಿಡಿಸಿ ದೂರ ಬಿಡಸೋದು, ಪಾರ್ಕಿಂಗಿನ ಬೆಕ್ಕು ನಾಯಿ ಹೊರಗ ಹಾಕಸೋದು, ಆಮ್ಯಾಲೆ ಇಲಿಗೆ ಪಾಷಾಣ ಇಡಸೋದು. ಇಲಿ ಕಾಟ ಖರೇನ ಅದ, ಕಾರಿನ ವೈರ್ ಕಡದು ಹಾಕ್ಯಾವ. ಈ ಪ್ರಾಣಿಗಳಿಂದ ಮನಷ್ಯಾಗ ಏನು ಉಪಯೋಗ, ಲೆಕ್ಕ ತೋರಸ್ರಿ ಅಂತ ಕಾರ್ಯದರ್ಶಿಯವರು ಕೇಳ್ಯಾರ. ದಯಾ ಧರ್ಮದ ಮಾತು ಅಲ್ಲೆ ನಡಿಯೂದಿಲ್ಲ. ಗೊತ್ತಿದ್ದವ್ರು ಖಚಿತ ಮಾಹಿತಿ ಕೊಡ್ರಿ.

ಪಿಂಪರಿ_ಪಶುವೈದ್ಯ:
ಠರಾವಿನಲ್ಲಿ ತೀರಾ ಅಪಾಯದ್ದು ಕೊನೆಯ ಸಾಲು. ಪಾಷಾಣ ಅಂದರೆ ಯಾವುದು ಅಂತ ಮೊದಲು ಕೇಳಿ. ಪೆಸ್ಟ್ ಕಂಟ್ರೋಲ್‌ನವರು ಹೆಚ್ಚಾಗಿ ಇಡೋದು ಬ್ರೊಮಾಡಿಯೊಲೋನ್, ಶೇಕಡಾ 0.005 ಇರೋ ಬಿಲ್ಲೆ. ಇದು ದೇಹದಲ್ಲಿ ವಿಟಮಿನ್ ಕೆ ಕೆಲಸ ನಿಲ್ಲಿಸಿ ರಕ್ತ ಹೆಪ್ಪುಗಟ್ಟದ ಹಾಗೆ ಮಾಡುತ್ತೆ. ತಿಂದ ಇಲಿ ಅಲ್ಲೇ ಸಾಯಲ್ಲ, ಕೆಲವು ದಿನ ಹಿಡಿಯುತ್ತೆ. ಅಷ್ಟರಲ್ಲಿ ಅದು ಇನ್ನೂ ಬಿಲ್ಲೆ ತಿನ್ನುತ್ತೆ, ಮಂಕಾಗಿ ಬಯಲಿಗೆ ಬರುತ್ತೆ, ಗೂಬೆಗೂ ಬೆಕ್ಕಿಗೂ ಸುಲಭದ ತುತ್ತಾಗುತ್ತೆ. ಔಷಧ ಯಕೃತ್ತಿನಲ್ಲಿ ತಿಂಗಳುಗಟ್ಟಲೆ ಉಳಿಯೋದರಿಂದ ಅಂಥ ಇಲಿ ತಿಂದ ಗೂಬೆಯ ಮೈಯಲ್ಲೂ ಸೇರುತ್ತಾ ಹೋಗಿ ಒಳಗೇ ರಕ್ತಸ್ರಾವ ಆಗುತ್ತೆ. ನಿಮ್ಮ ಇಲಿ ಹಿಡಿಯೋ ಪ್ರಾಣಿಗಳನ್ನ ನೀವೇ ಕೊಂದ ಹಾಗೆ.

ಸಾಕಿದ ನಾಯಿ ಬೆಕ್ಕು ತಿಂದಿದ್ದು ಬೇಗ ಗೊತ್ತಾದರೆ ವಿಟಮಿನ್ ಕೆ1 ಕೊಟ್ಟು ಉಳಿಸಬಹುದು, ಆದರೆ ವಾರಗಟ್ಟಲೆ ಕೊಡಬೇಕು. ಎರಡು ದಿನಕ್ಕೆ ಚೆನ್ನಾಗಿ ಕಾಣುತ್ತೆ ಅಂತ ನಿಲ್ಲಿಸಿದರೆ ಮತ್ತೆ ರಕ್ತ ಹೋಗಿ ಸಾಯುತ್ತೆ. ಜಿಂಕ್ ಫಾಸ್ಫೈಡ್ ಇನ್ನೂ ಕಷ್ಟ: ಹೊಟ್ಟೆಯ ಆಮ್ಲಕ್ಕೆ ಸೇರಿ ಫಾಸ್ಫೀನ್ ಅನಿಲ ಆಗುತ್ತೆ, ಪ್ರತಿವಿಷವೇ ಇಲ್ಲ. ಟ್ಯೂಬಿನಲ್ಲಿ ಬರೋ ಹಳದಿ ರಂಜಕದ ಪೇಸ್ಟನ್ನಂತೂ ಮಕ್ಕಳಿರೋ ಕಟ್ಟಡಕ್ಕೆ ಕಾಲಿಡಿಸಬೇಡಿ. ಅದು ಯಕೃತ್ತನ್ನೇ ಕರಗಿಸುತ್ತೆ.

ಮಾಟುಂಗಾ_ಮಾಣಿ:
ಬೆಕ್ಕನ್ನು ಓಡಿಸಿದ್ರೆ ಇಲಿ ಎರಡಷ್ಟಾಗ್ತದೆ ಮಾರಾಯ್ರೆ, ಅಷ್ಟು ಹೇಳಿ ಸಾಕು.

ಪಿಂಪರಿ_ಪಶುವೈದ್ಯ:
ಮಾಣಿಯವರೇ, ಅಷ್ಟು ಸರಳ ಇಲ್ಲ. ಬೆಕ್ಕು ಚಿಕ್ಕಿಲಿ, ಇಲಿಮರಿ ಚೆನ್ನಾಗಿ ಹಿಡಿಯುತ್ತೆ. ಬೆಳೆದ ಹೆಗ್ಗಣದ ತಂಟೆಗೆ ಹೆಚ್ಚಿನ ಬೆಕ್ಕುಗಳು ಹೋಗಲ್ಲ, ದೊಡ್ಡ ಹೆಗ್ಗಣ ಒಂದು ಕಿಲೋ ತನಕ ತೂಗುತ್ತೆ. ಬೆಕ್ಕಿರೋ ಜಾಗದಲ್ಲಿ ಇಲಿಗಳು ಕಣ್ಣಿಗೆ ಬೀಳೋದು ಕಡಿಮೆ ಆಗುತ್ತೆ, ಸಂಖ್ಯೆ ಅಷ್ಟೇ ಇರಬಹುದು. ಅದಕ್ಕಿಂತ ಕೆಟ್ಟದ್ದು, ರಾತ್ರಿಯಿಡೀ ತಟ್ಟೆಯಲ್ಲಿ ಬೆಕ್ಕಿನ ಊಟ ಬಿಟ್ಟರೆ ತಿನ್ನೋದು ಹೆಗ್ಗಣ. ಊಟ ಹಾಕೋರು ಸಂಜೆ ಬೆಳಕಿದ್ದಾಗ ಹಾಕಿ ಅರ್ಧ ಗಂಟೆಗೆ ತಟ್ಟೆ ಎತ್ತಬೇಕು. ಬೆಕ್ಕಿಗೆ ಸಂತಾನಹರಣ ಮತ್ತು ರೇಬೀಸ್ ಲಸಿಕೆ ಆಗಿರಲಿ. ಇಷ್ಟು ಮಾಡಿದರೆ ಬೆಕ್ಕು ಇಟ್ಟುಕೊಳ್ಳೋದಕ್ಕೆ ಅರ್ಥ ಇದೆ.

ಔಂಧ್_ಹಕ್ಕಿನೋಟ:
ಗೂಬೆ ಯಾವುದು ಅಂತ ನೋಡಿದ್ದೀರಾ? ಮುಖ ಹೃದಯದ ಆಕಾರ, ಬಿಳಿ, ಎದೆಯೂ ಬಿಳಿ, ಕೂಗು ಕರ್ಕಶವಾದ ಕಿರುಚಾಟ ಆಗಿದ್ದರೆ ಅದು ಕಣಜ ಗೂಬೆ. ಕಟ್ಟಡದ ಡಕ್ಟಲ್ಲಿ ಇರೋದು ಬಹುಪಾಲು ಅದೇ. ಗೂಡು ಕಟ್ಟೋದೂ ಇಲ್ಲ, ಸಿಕ್ಕ ಚಪ್ಪಟೆ ಜಾಗದಲ್ಲೇ ನಾಲ್ಕರಿಂದ ಏಳು ಮೊಟ್ಟೆ ಇಡುತ್ತೆ. ಸುಮಾರು ಒಂದು ತಿಂಗಳು ಕಾವು, ಮರಿ ಹಾರೋದಕ್ಕೆ ಇನ್ನೆರಡು ತಿಂಗಳು. ಮರಿಗಳ ಬುಸುಗುಟ್ಟುವ ಸದ್ದು ಕೇಳಿ ಜನ ಹಾವು ಅಂತ ಹೆದರುತ್ತಾರೆ, ದೂರು ಶುರುವಾಗೋದೇ ಅಲ್ಲಿಂದ.

ಲೆಕ್ಕ ಬೇಕಾದರೆ: ಬೆಳೆದ ಗೂಬೆಯೊಂದಕ್ಕೆ ರಾತ್ರಿಗೆ ಎರಡರಿಂದ ನಾಲ್ಕು ಇಲಿ ಬೇಕು. ನಾಲ್ಕೈದು ಮರಿ ಇರೋ ತಿಂಗಳುಗಳಲ್ಲಿ ಜೋಡಿ ತರೋದು ಇದರ ಎಷ್ಟೋ ಪಟ್ಟು. ಎರಡು ಕಿವಿ ಬೇರೆ ಬೇರೆ ಎತ್ತರದಲ್ಲಿ ಇರೋದರಿಂದ ಕತ್ತಲಲ್ಲಿ ಸದ್ದು ಕೇಳಿಯೇ ಹಿಡಿಯುತ್ತೆ. ಸಭೆಯಲ್ಲಿ ತೋರಿಸೋ ಪುರಾವೆ ಗೂಡಿನ ಕೆಳಗೇ ಬಿದ್ದಿರುತ್ತೆ. ಗೂಬೆ ಕಕ್ಕೋ ಕಪ್ಪು ಉಂಡೆಗಳನ್ನ ಕೈಗವಸು, ಮಾಸ್ಕ್ ಹಾಕಿ ಹೆಕ್ಕಿ, ಬಿಸಿನೀರಲ್ಲಿ ನೆನೆಸಿ, ಇಕ್ಕಳದಿಂದ ಬಿಡಿಸಿ. ಇಲಿಯ ತಲೆಬುರುಡೆ, ಹಳದಿ ಬಾಚಿಹಲ್ಲು ಎಣಿಸಬಹುದು.

ಮಲೇಷ್ಯಾದಲ್ಲಿ ತಾಳೆಎಣ್ಣೆ ತೋಟದವರು ಇದೇ ಹಕ್ಕಿಗೆ ಪೆಟ್ಟಿಗೆ ಇಟ್ಟು ಕರೆಸಿಕೊಳ್ಳುತ್ತಾರೆ, ನಾವು ಬಂದದ್ದನ್ನ ಓಡಿಸುತ್ತೀವಿ.

ಧಾರವಾಡ_ಹಡಪ್ಸರ್:
ಬಿಳಿ ಮುಖದ್ದೇ ರೀ. ಆದ್ರ ಹೊಲಸು ವಾಸನಿ ಭಾಳ, ಕೆಳಗಿನ ಮನಿಯವ್ರ ತಕರಾರು ಅದು.

ಔಂಧ್_ಹಕ್ಕಿನೋಟ:
ಮರಿ ಇದ್ದರೆ ಈಗ ಮುಟ್ಟಬೇಡಿ. 1972ರ ವನ್ಯಜೀವಿ ಕಾಯ್ದೆಯಲ್ಲಿ ಮೊಟ್ಟೆ, ಗೂಡು ಕದಲಿಸೋದೂ ಅಪರಾಧ. ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿ ವಾರಕ್ಕೊಮ್ಮೆ ಬದಲಿಸಿ. ಮರಿ ಹಾರಿ ಹೋದ ಮೇಲೆ ಡಕ್ಟಿನ ಬಾಯಿಗೆ ಜಾಲರಿ ಹಾಕಿ, ಅದಕ್ಕೂ ಮೊದಲು ಹತ್ತಿರದ ಮರ ಅಥವಾ ನೀರಿನ ಟ್ಯಾಂಕಿನ ಗೋಡೆಗೆ ಪ್ಲೈವುಡ್ ಪೆಟ್ಟಿಗೆ ಇಡಿ: ಉದ್ದ 60, ಅಗಲ 40, ಎತ್ತರ 40 ಸೆಂಟಿಮೀಟರ್, ಬಾಯಿ 13ಕ್ಕೆ 13. ನೆಲದಿಂದ ನಾಲ್ಕೈದು ಮೀಟರ್ ಮೇಲೆ, ಬಾಯಿ ಮಳೆಗಾಳಿಯ ದಿಕ್ಕಿಗೆ ಬೇಡ. ಪುಣೆಗೆ ಮಳೆ ಪಶ್ಚಿಮ, ನೈಋತ್ಯದಿಂದ ಬೀಸುತ್ತೆ, ಹಾಗಾಗಿ ಪೂರ್ವಕ್ಕೆ ತೆರೆದಿರಲಿ. ಬಾಯಿ ತಳಮಟ್ಟದಲ್ಲಿ ಕೊರೆದರೆ ಮರಿ ಉರುಳಿ ಬೀಳುತ್ತೆ, ಎತ್ತರದಲ್ಲಿ ಕೊರೆಯಿರಿ.

ಮುಲುಂಡ್_ಮೂರನೇಮಹಡಿ:
ಎಲ್ಲ ಪ್ರಾಣಿಯಿಂದಲೂ ಉಪಯೋಗ ಅಂತ ಹಾಡಬೇಡಿ. ಪಾರಿವಾಳಕ್ಕೆ ಕಾಳು ಹಾಕೋ ದಾದರಿನ ಕಬೂತರ್‌ಖಾನೆ ನೋಡಿದಿರಲ್ಲ. ಪಾರಿವಾಳದ ಹಿಕ್ಕೆ, ಗರಿಯ ಧೂಳಿನಿಂದ ಶ್ವಾಸಕೋಶ ಗಟ್ಟಿಯಾಗಿ ಆಕ್ಸಿಜನ್ ಸಿಲಿಂಡರ್ ಮೇಲೆ ಬದುಕೋರು ಇದ್ದಾರೆ. 2025ರಲ್ಲಿ ಪಾಲಿಕೆ ಅದನ್ನ ಮುಚ್ಚಿದಾಗ ಎಷ್ಟು ಗಲಾಟೆ! ಪ್ರಾಣಿಪ್ರೀತಿಯ ಹೆಸರಲ್ಲಿ ಮಕ್ಕಳು ಮುದುಕರು ಉಸಿರು ಕಳೆದುಕೊಳ್ಳಬೇಕಾ?

ದಾದರ್_ಡಾಕ್ಟರಮ್ಮ:
ಮುಲುಂಡಿನವರ ಮಾತು ವೈದ್ಯಕೀಯವಾಗಿ ಸರಿ. ಒಣಕೆಮ್ಮು, ಮೆಟ್ಟಿಲು ಹತ್ತುವಾಗ ಉಬ್ಬಸ ತಿಂಗಳುಗಟ್ಟಲೆ ಇದ್ದು, ಮನೆಯ ಎಸಿ ಯೂನಿಟ್ ಮೇಲೆ ಪಾರಿವಾಳ ಗೂಡಿದ್ದರೆ ಅದನ್ನ ಡಾಕ್ಟರಿಗೆ ತಪ್ಪದೆ ಹೇಳಿ. ಅಲರ್ಜಿಯ ಉರಿಯೂತ ಶುರುವಿನಲ್ಲೇ ಸಿಕ್ಕಿ, ಪಾರಿವಾಳದಿಂದ ದೂರ ಆದರೆ ವಾಸಿಯಾಗುತ್ತೆ. ಗಾಯದ ಹಾಗೆ ಕಲೆಗಟ್ಟಿದ ಶ್ವಾಸಕೋಶ ಮತ್ತೆ ಮೊದಲಿನ ಹಾಗೆ ಆಗಲ್ಲ. ಒಣ ಹಿಕ್ಕೆ ಗುಡಿಸಬೇಡಿ, ನೀರು ಚಿಮುಕಿಸಿ ಒದ್ದೆ ಮಾಡಿ ತೆಗೀರಿ.

ಆದರೆ ಪಾರಿವಾಳವನ್ನೂ ಗೂಬೆಯನ್ನೂ ಒಂದೇ ತಕ್ಕಡಿಗೆ ಹಾಕೋದು ತಪ್ಪು. ಪಾರಿವಾಳ ಅಷ್ಟಾಗಿದ್ದು ನಾವು ಮೂಟೆಗಟ್ಟಲೆ ಕಾಳು ಸುರಿದದ್ದರಿಂದ. ಇಲಿ ಅಷ್ಟಾಗಿದ್ದು ನಮ್ಮ ಕಸದಿಂದ. ಆ ಇಲಿಯ ಬೆಲೆ ಮುಂಬೈ ಮಳೆಗಾಲದಲ್ಲಿ ತೆರುತ್ತೆ. ಇಲಿಯ ಮೂತ್ರ ಬೆರೆತ ನೀರಲ್ಲಿ ಕಾಲಿನ ಸಣ್ಣ ಗಾಯ ನೆನೆದರೆ ಲೆಪ್ಟೊಸ್ಪೈರೋಸಿಸ್. ಜ್ವರ, ಮೀನಖಂಡದ ವಿಪರೀತ ನೋವು, ಕಣ್ಣು ಕೆಂಪು. ತಡವಾದರೆ ಮೂತ್ರಪಿಂಡ, ಶ್ವಾಸಕೋಶ ಎರಡೂ ಕೈಕೊಡುತ್ತೆ. ಪ್ರವಾಹದ ನೀರಲ್ಲಿ ನಡೆದವರು 72 ಗಂಟೆಯೊಳಗೆ ಡಾಕ್ಟರನ್ನ ಕೇಳಿ ಡಾಕ್ಸಿಸೈಕ್ಲಿನ್ ತಗೋಬೇಕು. ಗರ್ಭಿಣಿಯರಿಗೂ ಎಂಟು ವರ್ಷದೊಳಗಿನ ಮಕ್ಕಳಿಗೂ ಅದು ಬೇಡ, ಬೇರೆ ಮಾತ್ರೆ ಇದೆ.

1896ರಲ್ಲಿ ಇದೇ ಊರಿಗೆ ಪ್ಲೇಗ್ ಬಂದಾಗ ಇಲಿಯ ಚಿಗಟ ಹಿಡಿಯೋಕೆ ಸಂಶೋಧಕರು ಸೋಂಕಿದ ಮನೆಗಳಲ್ಲಿ ಗಿನಿಯಿಲಿ ಬಿಡ್ತಿದ್ದರು. ಅದರ ಮೈಗೆ ಹತ್ತಿದ ಚಿಗಟ ಎಣಿಸಿ ಮನೆ ಎಷ್ಟು ಅಪಾಯದ್ದು ಅಂತ ಹೇಳ್ತಿದ್ದರು. ಪ್ರಾಣಿ ನಮಗೆ ಏನು ಮಾಡಿದೆ ಅನ್ನೋರಿಗೆ ಲಸಿಕೆ, ಪ್ರತಿವಿಷಕ್ಕೆ ಹೆಸರಾದ ಪರೇಲಿನ ಹಾಫ್ಕಿನ್ ಸಂಸ್ಥೆಯ ಕಟ್ಟಡ ತೋರಿಸಿ.

ಮಾಟುಂಗಾ_ಮಾಣಿ:
1896ರಲ್ಲೇ ಗಿನಿಯಿಲಿ ಅಲ್ಲ ಡಾಕ್ಟ್ರೇ. ಪ್ಲೇಗ್ ಶುರುವಾದದ್ದು 1896, ಚಿಗಟದ ಪಾತ್ರ ಪಾಲ್ ಲೂಯಿ ಸಿಮೊಂಡ್ ಕರಾಚಿಯಲ್ಲಿ ತೋರಿಸಿದ್ದು 1898, ಬೊಂಬಾಯಿಯಲ್ಲಿ ಗಿನಿಯಿಲಿ ಬಿಟ್ಟದ್ದು ಅದರ ಎಷ್ಟೋ ವರ್ಷದ ನಂತರ.

ದಾದರ್_ಡಾಕ್ಟರಮ್ಮ:
ಹೌದು, ಸರಿಯಾಗಿ ಹೇಳಿದಿರಿ.

ಬೋರಿವಲಿ_ಬೆಳಗಾವಿ:
ಕೇರೆಹಾವಿನ ಬಗ್ಗೆ ಯಾರೂ ಹೇಳ್ಲಿಲ್ಲ. ಗೂಬೆ ಬಯಲಿನ ಇಲಿ ಹಿಡೀತದ, ಬೆಕ್ಕು ಮೂಲ್ಯಾಗಿನ ಇಲಿ ಹಿಡೀತದ. ಬಿಲದೊಳಗ ಹೊಕ್ಕು ಮರಿ ಸಮೇತ ತಿನ್ನೋದು ಹಾವೊಂದೇ. ಕೇರೆಗೆ ವಿಷ ಇಲ್ಲ. ಬಾಲದಾಗ ವಿಷ, ನಾಗರದ ಜೋಡಿ ಕೂಡತದ ಅನ್ನೋದೆಲ್ಲ ಸುಳ್ಳ. ಗುರುತು: ಕಣ್ಣು ದೊಡ್ಡದು, ತುಟಿ ಮ್ಯಾಲೆ ನೆಟ್ಟಗ ಕರೀ ಗೆರಿ. ಹಿಡಿಸಿ ದೂರ ಬಿಟ್ರ ಅದು ಅಲ್ಲೆ ನೆಲಿ ಸಿಗಲಾರದ ಅಲೀತದ, ನಿಮ್ಮ ಬಿಲಕ್ಕ ಬ್ಯಾರೆ ಹಾವು ಬರ್ತದ. ಬರೋದು ನಾಗರಾನೂ ಆಗಬಹುದು.

ಮುಲುಂಡ್_ಮೂರನೇಮಹಡಿ:
ಅದೇ ನನ್ನ ಪ್ರಶ್ನೆ. ಇಲಿ ಇದ್ದರೆ ನಾಗರವೂ ಬರುತ್ತೆ ಅಂತ ನೀವೇ ಹೇಳ್ತೀರಿ. ಮಕ್ಕಳು ಆಡೋ ಜಾಗದಲ್ಲಿ ಇದನ್ನ ಉಪಯೋಗ ಅಂತ ಹೇಗೆ ಒಪ್ಪೋದು?

ಬೋರಿವಲಿ_ಬೆಳಗಾವಿ:
ಒಪ್ಪಬ್ಯಾಡ್ರಿ, ಬಿಲ ಮುಚ್ಚಿಸ್ರಿ. ಇಲಿಗೆ 12 ಮಿಲಿಮೀಟರ್ ಸಂದು ಸಾಕು, ಚಿಕ್ಕಿಲಿಗೆ 6. ಪೈಪು ಗೋಡಿ ಹೊಕ್ಕೋ ಕಡೆ ಸ್ಟೀಲ್ ಉಲ್ಲನ್ ತುರುಕಿ ಮ್ಯಾಲೆ ಸಿಮೆಂಟ್. ಬರೇ ಸಿಮೆಂಟ್ ಹಸೀ ಇದ್ದಾಗ ಕೆರೀತಾವ, ಫೋಮ್ ಅಂತೂ ಒಂದೇ ರಾತ್ರಿಗೆ ಹೋಗ್ತದ. ಒಳಚರಂಡಿ ಜಾಲರಿ ಕಬ್ಬಿಣದ್ದೇ ಇರ್ಲಿ. ಹಸಿಕಸದ ಡಬ್ಬಿಗೆ ಮುಚ್ಚಳ, ರಾತ್ರಿ ಕಸ ಹೊರಗ ಇಡಬ್ಯಾಡ್ರಿ. ಗೋಡಿಗುಂಟ ಒಂದು ಮೀಟರ್ ಗಿಡಗಂಟಿ ಇರಬಾರದು, ಹಳೇ ಟೈಲ್ಸ್ ರಾಶಿ ತೆಗೀರಿ. ಉಳದ ಇಲಿಗೆ ಬೋನು. ಸ್ಪ್ರಿಂಗ್ ಬೋನು ಗೋಡಿಗೆ ಅಡ್ಡ ಇಟ್ಟು ತಿನಿಸಿನ ಬದಿ ಗೋಡಿ ಕಡೆ ಮಾಡ್ರಿ, ಇಲಿ ಗೋಡಿಗುಂಟನ ಓಡತದ. ಹೊಸಾ ವಸ್ತು ಕಂಡ್ರ ಅಂಜ್ತಾವ, ಮೂರ್ನಾಲ್ಕು ದಿನ ಸ್ಪ್ರಿಂಗ್ ಏರಿಸಲಾರದ ಶೇಂಗಾ ಹಚ್ಚಿ ಇಡ್ರಿ, ಆಮ್ಯಾಲೆ ಏರಿಸ್ರಿ. ಇಲಿ ಕಡಿಮಿ ಆದ್ರ ಹಾವು ತಾನ ಹೋಗ್ತದ. ಮನಿಯೊಳಗ ಹಾವು ಬಂದ್ರ ಮಹಾರಾಷ್ಟ್ರದಾಗ ಅರಣ್ಯ ಇಲಾಖೆ ಸಹಾಯವಾಣಿ 1926.

ಪಿಂಪರಿ_ಪಶುವೈದ್ಯ:
ಹಾವು ಕಚ್ಚಿದರೆ ಪ್ರಾಣ ಉಳಿಸೋದೂ ಪ್ರಾಣಿಯೇ. ಹಾಫ್ಕಿನ್‌ನ ಪ್ರತಿವಿಷ ಕುದುರೆಯಿಂದ ಬರೋದು. ನಾಗರ, ಕಟ್ಟಿಗೆಹಾವು, ಕೊಳಕುಮಂಡಲ, ಗರಗಸಮಂಡಲ, ಈ ನಾಲ್ಕರ ವಿಷವನ್ನ ತೀರಾ ಸಣ್ಣ ಪ್ರಮಾಣದಿಂದ ಶುರುಮಾಡಿ ಏರಿಸುತ್ತಾ ಚುಚ್ಚುತ್ತಾರೆ. ರಕ್ತದಲ್ಲಿ ಪ್ರತಿಕಾಯ ಸಾಕಷ್ಟು ಆದ ಮೇಲೆ ರಕ್ತ ತೆಗೆದು ಪ್ಲಾಸ್ಮಾ ಬೇರ್ಪಡಿಸಿ ಕೆಂಪುಕಣ ಕುದುರೆಗೇ ವಾಪಸ್ ಕೊಡ್ತಾರೆ. ಪೆಪ್ಸಿನ್ ಹಾಕಿ ಅನಗತ್ಯ ಭಾಗ ಕತ್ತರಿಸಿ, ಶುದ್ಧ ಮಾಡಿ, ಒಣಪುಡಿ ಮಾಡ್ತಾರೆ. 10 ಮಿಲಿಲೀಟರಿನ ಬಾಟಲಿ, ಪ್ರತಿ ಮಿಲಿಲೀಟರ್ 0.6 ಮಿಲಿಗ್ರಾಂ ನಾಗರ ಅಥವಾ ಕೊಳಕುಮಂಡಲದ ವಿಷ, 0.45 ಮಿಲಿಗ್ರಾಂ ಉಳಿದೆರಡರ ವಿಷ ತಡೆಯಬೇಕು. ಲಕ್ಷಣ ಕಂಡ ರೋಗಿಗೆ ಶುರುವಿಗೇ ಹತ್ತು ಬಾಟಲಿಯವರೆಗೆ ಕೊಡ್ತಾರೆ. ನಾಯಿ ಕಚ್ಚಿದ ಗಾಯಕ್ಕೆ ಕೊಡೋ ರೇಬೀಸ್ ಇಮ್ಯುನೋಗ್ಲಾಬ್ಯುಲಿನ್ (ಸಿದ್ಧ ಪ್ರತಿಕಾಯ) ಕೂಡ ಕುದುರೆಯದ್ದು ಇದೆ, ಕಿಲೋ ತೂಕಕ್ಕೆ 40 ಯೂನಿಟ್. ಮನುಷ್ಯರ ರಕ್ತದ್ದಾದರೆ 20, ಬೆಲೆ ಬಹಳ ಜಾಸ್ತಿ.

ವಾಸ್ಕೊ_ಅಂಕೋಲಾ:
ಇದಕ್ಕೊಂದು ಸೇರಿಸ್ತೇನೆ. ಗೋವಾ, ಸಹ್ಯಾದ್ರಿಯ ಕಾಡಂಚಲ್ಲಿ ಎತ್ತಿದ ಮೂತಿಯ ಮಂಡಲ ಹಾವು ಉಂಟು, ಚಿಕ್ಕದು, ಒಣಗಿದ ಎಲೆಯ ಬಣ್ಣ. ಅದರ ವಿಷಕ್ಕೆ ಈ ನಾಲ್ಕು ಹಾವಿನ ಔಷಧ ಹೊಂದೋದಿಲ್ಲ. ಗೇರು ತೋಟದ ತರಗೆಲೆಗೆ ಬರಿಗೈ ಹಾಕಬಾರದು, ಗಂಬೂಟು ಹಾಕ್ಕೊಂಡೇ ಹೋಗಬೇಕು.

ಬೋರಿವಲಿ_ಬೆಳಗಾವಿ:
ಕಾಡಿನ ಮಾತು ಬಂತಲ್ಲ, ನಮ್ಮ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಚಿರತಿ ಲೆಕ್ಕಾನೂ ಕಾರ್ಯದರ್ಶಿಗೆ ಕೊಡ್ರಿ. 2018ರಾಗ ಬಂದ ಅಧ್ಯಯನದ ಪ್ರಕಾರ ಅಲ್ಲಿ ಸುಮಾರು 35 ಚಿರತಿ ವರ್ಷಕ್ಕ 1500ರ ಹತ್ತಿರ ಬೀದಿನಾಯಿ ತಿಂತಾವ. ಅದರಿಂದ ವರ್ಷಕ್ಕ ಒಂದು ಸಾವಿರ ಕಡಿತ, 90ರಷ್ಟು ರೇಬೀಸ್ ಪ್ರಕರಣ ತಪ್ಪಬಹುದು ಅಂತ ಅಂದಾಜು ಮಾಡ್ಯಾರ.

ನಾರಾಯಣಗಾಂವ್_ದ್ರಾಕ್ಷಿ:
ಮುಂಬೈಯಲ್ಲಿ ಕೂತು ಚಿರತೆಯ ಲಾಭ ಎಣಿಸೋದು ಸುಲಭ. ಪುಣೆ ಜಿಲ್ಲೆಯ ಜುನ್ನರ್, ಶಿರೂರು, ಆಂಬೇಗಾಂವ್‌ನಲ್ಲಿ ಕಬ್ಬಿನ ಗದ್ದೆಯೊಳಗೇ ಅದು ಮರಿ ಹಾಕುತ್ತೆ. ಕಬ್ಬು ಒಂದು ವರ್ಷಕ್ಕೂ ಮೇಲೆ ನಿಂತಿರುತ್ತೆ, ನೀರು ಹತ್ತಿರ, ನಾಯಿ ಮೇಕೆ ಹತ್ತಿರ. ಸತ್ತದ್ದು ಮಕ್ಕಳು. ರಾತ್ರಿ ಪಂಪು ಹಾಕೋಕೆ ಹೋಗೋನಿಗೆ ನಿಮ್ಮ ಅಂದಾಜಿನ ಅಂಕಿ ಕೊಟ್ಟರೆ ಏನು ಪ್ರಯೋಜನ? ಕಾಡಿಗೆ ಒಯ್ದು ಬಿಡಲಿ.

ಔಂಧ್_ಹಕ್ಕಿನೋಟ:
ನಿಮ್ಮ ಸಿಟ್ಟು ನ್ಯಾಯದ್ದು, ಪರಿಹಾರ ಮಾತ್ರ ಅದಲ್ಲ. ಹಿಡಿದು ಕಾಡಿಗೆ ಬಿಡೋದನ್ನ ಜುನ್ನರ್‌ನಲ್ಲೇ 2001ರಿಂದ 2003ರವರೆಗೆ ದೊಡ್ಡ ಪ್ರಮಾಣದಲ್ಲಿ ಮಾಡಿದರು. ವಿದ್ಯಾ ಆತ್ರೇಯ ಮತ್ತು ಜೊತೆಗಾರರು ಲೆಕ್ಕ ಹಾಕಿದಾಗ ವರ್ಷಕ್ಕೆ ಸರಾಸರಿ 4 ಇದ್ದ ಮನುಷ್ಯರ ಮೇಲಿನ ದಾಳಿ 17ಕ್ಕೆ ಏರಿತ್ತು. ನೆಲೆ ತಪ್ಪಿದ ಪ್ರಾಣಿ ಊರೊಳಗೆ ದಿಕ್ಕೆಟ್ಟು ಅಲೆಯುತ್ತೆ, ಖಾಲಿಯಾದ ಜಾಗಕ್ಕೆ ಇನ್ನೊಂದು ಬರುತ್ತೆ.

ಮನುಷ್ಯರನ್ನೇ ಹುಡುಕಿ ಹೊಡೆಯೋ ಪ್ರಾಣಿಯ ವಿಷಯ ಬೇರೆ, ಅದನ್ನ ಹಿಡಿಯಲೇಬೇಕು. ಉಳಿದದ್ದಕ್ಕೆ ಮೇಕೆ ಕೊಟ್ಟಿಗೆಗೆ ಮೇಲ್ಛಾವಣಿ ಸಮೇತ ಜಾಲರಿ, ಬಾಗಿಲಿಗೆ ಚಿಲಕ. ಕಬ್ಬು ಕಡಿಯುವಾಗ ಮರಿ ಸಿಕ್ಕರೆ ಊರಿಗೆ ತರದೆ ಇಲಾಖೆಯವರನ್ನ ಕರೆಸಿ ಅದೇ ರಾತ್ರಿ ಅದೇ ಜಾಗದಲ್ಲಿ ಬುಟ್ಟಿಯಲ್ಲಿ ಇಡಿಸಿ, ತಾಯಿ ಬಂದು ಒಯ್ಯುತ್ತೆ. ಮರಿ ಕಳಕೊಂಡ ತಾಯಿ ಸುತ್ತಮುತ್ತಲೇ ಅಲೆಯುತ್ತೆ, ಅಪಾಯ ಅಲ್ಲಿದೆ.

ನಾರಾಯಣಗಾಂವ್_ದ್ರಾಕ್ಷಿ:
ಹಗಲು ಮೂರು ಫೇಸ್ ಕರೆಂಟ್ ಕೊಡಿ ಅನ್ನೋದನ್ನೂ ಸೇರಿಸಿ. ರಾತ್ರಿ ಪಾಳಿಯ ಕರೆಂಟ್ ಇರೋತನಕ ರೈತ ಕತ್ತಲಲ್ಲಿ ಗದ್ದೆಗೆ ಇಳೀಲೇಬೇಕು.

ಔಂಧ್_ಹಕ್ಕಿನೋಟ:
ಪೂರ್ತಿ ಒಪ್ಪುತ್ತೀನಿ. ಇದರಷ್ಟು ಜೀವ ಉಳಿಸೋ ಕ್ರಮ ಇನ್ನೊಂದಿಲ್ಲ.

ವಾಸ್ಕೊ_ಅಂಕೋಲಾ:
ನಾಯಿಗೆ ಚಿರತೆಯೇ ಬೇಕಂತಿಲ್ಲ. ಗೋವಾದಲ್ಲಿ ವರ್ಷಕ್ಕೆ ಒಂದು ಲಕ್ಷದ ಹತ್ತಿರ ನಾಯಿಗೆ ಲಸಿಕೆ ಹಾಕಿದ್ರು. ಬಲೆ ಬೀಸಿ ಹಿಡಿಯೋದು, ಅಲ್ಲೇ ಚುಚ್ಚೋದು, ಹಾಕಿದ ಗುರುತಿಗೆ ತಲೆಗೆ ಬಣ್ಣ, ಮೊಬೈಲಲ್ಲಿ ಜಾಗ ನಮೂದು. ಮಾರನೇ ದಿನ ಬೇರೆಯವರು ಬಂದು ಬಣ್ಣದ ನಾಯಿ ಎಷ್ಟು, ಇಲ್ಲದ್ದು ಎಷ್ಟು ಅಂತ ಎಣಿಸ್ತಾರೆ, ಶೇಕಡಾ 70 ಮುಟ್ಟದಿದ್ರೆ ಮತ್ತೆ ಅದೇ ಕೇರಿಗೆ. 2021ರಲ್ಲಿ ಗೋವಾ ರೇಬೀಸ್ ನಿಯಂತ್ರಿತ ಪ್ರದೇಶ ಅಂತ ಘೋಷಣೆ ಆಯ್ತು, ದೇಶದಲ್ಲೇ ಮೊದಲು. ಸೊಸೈಟಿಯ ಲಸಿಕೆ ಹಾಕಿದ ಹತ್ತು ನಾಯಿ ಓಡಿಸಿದ್ರೆ ಆ ಜಾಗಕ್ಕೆ ಲಸಿಕೆ ಇಲ್ಲದ ನಾಯಿ ಬರ್ತದೆ.

ದಾದರ್_ಡಾಕ್ಟರಮ್ಮ:
ಕಡಿತ ಆದರೆ ಲಸಿಕೆ ಹಾಕಿದ ನಾಯಿ ಅಂತ ಸುಮ್ಮನಿರಬೇಡಿ. ಸೋಪು ಹಚ್ಚಿ ಹರಿಯೋ ನೀರಲ್ಲಿ 15 ನಿಮಿಷ ತೊಳೀರಿ. ಅರಿಶಿನ, ಸುಣ್ಣ, ಮೆಣಸಿನಪುಡಿ ಯಾವುದೂ ಬೇಡ. ಚರ್ಮದೊಳಗೆ ಕೊಡೋ ಲಸಿಕೆ 0, 3, 7, 28ನೇ ದಿನ. ಸ್ನಾಯುವಿಗೆ ಕೊಡೋದಾದರೆ 14ನೇ ದಿನವೂ ಸೇರುತ್ತೆ. ರಕ್ತ ಬಂದ ಗಾಯಕ್ಕೆ ಇಮ್ಯುನೋಗ್ಲಾಬ್ಯುಲಿನ್ ಗಾಯದೊಳಗೂ ಸುತ್ತಲೂ ಚುಚ್ಚಬೇಕು.

ಮುಲುಂಡ್_ಮೂರನೇಮಹಡಿ:
ಶಾಲೆ, ಆಸ್ಪತ್ರೆ, ನಿಲ್ದಾಣಗಳಿಂದ ನಾಯಿ ತೆಗೆಸಿ ಅಂತ 2025ರ ನವೆಂಬರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಅದನ್ನೂ ಬರೀರಿ.

ಪಿಂಪರಿ_ಪಶುವೈದ್ಯ:
ಹೇಳಿದೆ, ಅಂಥ ಸಂಸ್ಥೆಗಳ ಆವರಣಕ್ಕೆ. ವಸತಿ ಸೊಸೈಟಿಗೆ 2023ರ ಪ್ರಾಣಿ ಜನನ ನಿಯಂತ್ರಣ ನಿಯಮವಿದೆ, ಊಟ ಹಾಕೋ ಜಾಗ ಗುರುತಿಸೋದು ಸೊಸೈಟಿಯದ್ದೇ ಕೆಲಸ. ಮಕ್ಕಳ ಆಟದ ಜಾಗ, ಮೆಟ್ಟಿಲು, ಗೇಟಿನಿಂದ ದೂರ ಇರಬೇಕು.

ಪ್ರಾಣಿ ಹೋದರೆ ಏನಾಗುತ್ತೆ ಅನ್ನೋದಕ್ಕೆ ಇಡೀ ದೇಶ ಬೆಲೆ ತೆತ್ತ ಉದಾಹರಣೆ ರಣಹದ್ದು. ಬಿಳಿಬೆನ್ನಿನ ರಣಹದ್ದು 1992ರಿಂದ 2007ರೊಳಗೆ ಶೇಕಡಾ 99.9 ಇಲ್ಲವಾಯ್ತು. ಕಾರಣ ದನಕ್ಕೆ ನೋವಿಗೆ ಕೊಡೋ ಡೈಕ್ಲೊಫೆನಾಕ್. ಆ ದನ ಸತ್ತು, ಅದನ್ನ ತಿಂದ ಹದ್ದಿನ ಮೂತ್ರಪಿಂಡ ನಿಂತು ಒಳಗೆಲ್ಲ ಯೂರಿಕ್ ಆಮ್ಲ ಸುಣ್ಣದ ಹಾಗೆ ಕೂರುತ್ತೆ. ನೂರು ಹೆಣದಲ್ಲಿ ಒಂದರಲ್ಲಿ ಇದ್ದರೂ ಸಾಕಿತ್ತು. 2006ರಲ್ಲಿ ಪಶುಗಳಿಗೆ ನಿಷೇಧ ಆಯ್ತು, ಆದರೂ ಮನುಷ್ಯರ ದೊಡ್ಡ ಬಾಟಲಿ ದನಕ್ಕೆ ಚುಚ್ಚೋದು ನಿಲ್ಲಲಿಲ್ಲ, 2015ರಲ್ಲಿ ಬಾಟಲಿಯನ್ನೇ 3 ಮಿಲಿಲೀಟರಿಗೆ ಇಳಿಸಿದರು. ಹೆಣ ತಿನ್ನೋಕೆ ಹದ್ದಿಲ್ಲದ ಕಡೆ ನಾಯಿ ಹೆಚ್ಚಾಯ್ತು, ನೀರು ಕೊಳೆಯಿತು. 2000ರಿಂದ 2005ರ ನಡುವೆ ಇದರಿಂದ ಸುಮಾರು 5 ಲಕ್ಷ ಹೆಚ್ಚುವರಿ ಮನುಷ್ಯರ ಸಾವು ಅಂತ 2024ರ ಅರ್ಥಶಾಸ್ತ್ರಜ್ಞರ ಅಧ್ಯಯನ ಅಂದಾಜಿಸಿದೆ. ದನಕ್ಕೆ ನೋವಿಗೆ ಮೆಲಾಕ್ಸಿಕಾಮ್ ಬರೆಸಿ, ಹದ್ದಿಗೂ ಸುರಕ್ಷಿತ.

ಮಾಟುಂಗಾ_ಮಾಣಿ:
ಹೆಣವನ್ನು ಹದ್ದಿಗೆ ಬಿಡುವ ಮಲಬಾರ್ ಹಿಲ್ಲಿನ ಡೂಂಗರ್‌ವಾಡಿಯಲ್ಲಿ ಪಾರ್ಸಿಯವರಿಗೆ ಹದ್ದೇ ಇಲ್ಲದೆ ಸೂರ್ಯನ ಶಾಖ ಹಿಡಿಯುವ ಫಲಕ ಹಾಕ್ಬೇಕಾಯ್ತು. ಮಳೆಗಾಲದಲ್ಲಿ ಬಿಸಿಲೇ ಇಲ್ಲ, ಅದು ಕೆಲಸ ಮಾಡುದಿಲ್ಲ. ಶತಮಾನಗಳ ಆಚಾರ ಒಂದು ಇಂಜೆಕ್ಷನ್ನಿಂದ ಹೋಯ್ತು.

ಧಾರವಾಡ_ಹಡಪ್ಸರ್:
ಭಾಳ ಉಪಕಾರ ಆತ್ರಿ. ಠರಾವಿಗೆ ತಿದ್ದುಪಡಿ ಬರದೇನಿ: ಬಿಲ ಮುಚ್ಚೋದು, ಕಸದ ಡಬ್ಬಿ, ಬೋನು, ಗೂಬಿ ಪೆಟಿಗಿ, ಪಾಷಾಣ ರದ್ದು. ಇನ್ನೊಂದು, ಸೊಳ್ಳಿಗೆ ನೀರಿನ ಟ್ಯಾಂಕಿನ್ಯಾಗ ಮೀನ ಬಿಡ್ರಿ ಅಂತ ಒಬ್ರು ಅಂದಾರ. ನಡೀತದೇನು?

ವಾಸ್ಕೊ_ಅಂಕೋಲಾ:
ನಡೀತದೆ, ಜಾಗ ನೋಡಿ. ಗೋವಾದಲ್ಲಿ 1990ರ ದಶಕದಲ್ಲಿ ಮಲೇರಿಯಾಕ್ಕೆ ಬಾವಿ, ಕಟ್ಟಡ ಕೆಲಸದ ತೊಟ್ಟಿಗಳಿಗೆ ಊರಿನದ್ದೇ ಚಿಕ್ಕ ಮೀನು ಅಪ್ಲೊಕೈಲಸ್ ಬಿಟ್ಟು ಒಳ್ಳೆ ಫಲ ಕಂಡಿದ್ರು. ನೀರಿನ ಮೇಲ್ಮೈಯಲ್ಲೇ ಇರ್ತದೆ, ಲಾರ್ವಾ ತಿಂತದೆ. ಚದರ ಮೀಟರಿಗೆ ಐದರಿಂದ ಹತ್ತು ಸಾಕು. ಕ್ಲೋರಿನ್ ಹಾಕಿದ ನಳದ ನೀರಿಗೆ ನೇರ ಬಿಟ್ರೆ ಸಾಯ್ತದೆ, ನೀರು ಎರಡು ದಿನ ತೆರೆದಿಟ್ಟು ಆಮೇಲೆ ಬಿಡಿ. ಗ್ಯಾಂಬೂಸಿಯಾ ಮಾತ್ರ ಬೇಡ. ಅದು ಪರದೇಶದ್ದು, ಹೊಂಡ ಹಳ್ಳಕ್ಕೆ ತಪ್ಪಿಸಿಕೊಂಡು ಹೋದ್ರೆ ಕಪ್ಪೆ ಮರಿ, ಊರ ಮೀನು ಎಲ್ಲ ತಿಂದು ಹಾಕ್ತದೆ. ಕಾರಂಜಿ, ತಾವರೆ ತೊಟ್ಟಿ, ಬಾವಿಗೆ ಮೀನು ಹಾಕಿ. ಮುಚ್ಚಳ ಇರೋ ಟೆರೇಸ್ ಟ್ಯಾಂಕಿಗೆ ಮೀನಿನ ಗೊಡವೆ ಬೇಡ, ಮುಚ್ಚಳ ಬಿಗಿ ಮಾಡಿ, ಓವರ್‌ಫ್ಲೋ ಪೈಪಿನ ಬಾಯಿಗೆ ಸಣ್ಣ ಕಣ್ಣಿನ ನೈಲಾನ್ ಬಲೆ ಕಟ್ಟಿ.